ವಾಪಸ್ ಕೊಡಲು ಏಳು ದಿನ

ಕಂಪ್ಯೂಟರಿನ ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆ, ಅಂದರೆ ಮದರ್‌ಬೋರ್ಡ್, ಒಂದನ್ನು ಕೊಂಡೆ. ಅಂಗಡಿಯವರು ಬಿಲ್ಲಿನ ಹಿಂದೆ ಪೆನ್ನಿನಲ್ಲಿ "ಏಳು ದಿನ" ಅಂತ ಬರೆದು ಅಡಿಗೆರೆ ಎಳೆದರು. ಬೋರ್ಡಿನಲ್ಲಿ ತೊಂದರೆ ಕಂಡರೆ ಅಷ್ಟರೊಳಗೆ ತನ್ನಿ, ಬೇರೆ ಕೊಡ್ತೀನಿ ಅಂದರು. ಆಮೇಲೂ ಮೂರು ವರ್ಷ ವಾರಂಟಿ ಇದೆ. ಆದರೆ ಅದಕ್ಕೆ ಸರ್ವೀಸ್ ಸೆಂಟರಿಗೆ ಅಲೆಯಬೇಕು, ಕಾಯಬೇಕು. ನಾನಿರೋದು ಮಂಡ್ಯದಲ್ಲಿ. ಹಾಗಾಗಿ ಆ ಏಳು ದಿನದಲ್ಲಿ ಈ ಮದರ್‌ಬೋರ್ಡನ್ನು ಎಷ್ಟು ಸಾಧ್ಯವೋ ಅಷ್ಟು ದುಡಿಸಿ ನೋಡಬೇಕು ಅಂತ ಅಲ್ಲೇ ನಿರ್ಧಾರ ಮಾಡಿದೆ.

ಇದು 2025ರ ಏಪ್ರಿಲ್ ಮಾತು. ನನ್ನ ಹಳೇ ಕಂಪ್ಯೂಟರಿಗೆ ಹನ್ನೊಂದು ವರ್ಷ ತುಂಬಿತ್ತು. ಇಂಟೆಲ್ ನಾಲ್ಕನೇ ತಲೆಮಾರಿನ ಪ್ರೊಸೆಸರ್, ಡಿಡಿಆರ್3 ರ‍್ಯಾಮ್. ವಿಂಡೋಸ್ 10ಕ್ಕೆ ಅಕ್ಟೋಬರ್ 14ರ ನಂತರ ಮಾಮೂಲಿ ಅಪ್‌ಡೇಟ್ ನಿಲ್ಲುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿಯಾಗಿತ್ತು. ವಿಂಡೋಸ್ 11 ನನ್ನ ಮೆಷಿನ್ನಿಗೆ ಅಧಿಕೃತವಾಗಿ ಬರುವ ಹಾಗಿರಲಿಲ್ಲ. ಹೊಸ ಗೇಮ್‌ಗಳಂತೂ ತೆರೆಯುವಷ್ಟರಲ್ಲೇ ಸುಸ್ತಾಗುತ್ತಿತ್ತು. ರಾತ್ರಿ ಕೆಲಸ ಮುಗಿಸಿ ಒಂದೂವರೆ ಗಂಟೆ ರೇಸಿಂಗ್ ಆಡೋದು ನನಗೆ ತುಂಬಾ ಇಷ್ಟ. ಅದಕ್ಕೆ ದುಡ್ಡು ಕೂಡಿಡುತ್ತಾ ಬಂದಿದ್ದೆ.

ಚಿಕ್ಕ ಬೋರ್ಡೇ ಬೇಕಾಗಿದ್ದಕ್ಕೆ ಕಾರಣ ನನ್ನ ರೂಮು. ಎಂಟಡಿಗೆ ಒಂಬತ್ತಡಿ. ಒಂದು ಪಕ್ಕ ಬೀರು, ಇನ್ನೊಂದು ಪಕ್ಕ ಅಕ್ಕಿ ಮೂಟೆ. ಮಧ್ಯ ಮೂರಡಿಯ ಟೇಬಲ್. ಮಾಮೂಲಿ ಎಟಿಎಕ್ಸ್ ಬೋರ್ಡ್ 305 ಮಿಲಿಮೀಟರ್ ಉದ್ದ, 244 ಅಗಲ. ಅದಕ್ಕೆ ತಕ್ಕ ಕ್ಯಾಬಿನೆಟ್ ಇಟ್ಟರೆ ಮಾನಿಟರ್ ಇಡಲು ಜಾಗ ಇಲ್ಲ. ಮಿನಿ ಐಟಿಎಕ್ಸ್ 170ಕ್ಕೆ 170, ನೋಡಲು ಮುದ್ದಾಗಿದೆ. ಆದರೆ ಎರಡೇ ರ‍್ಯಾಮ್ ಸ್ಲಾಟ್, ಬೆಲೆಯೂ ಜಾಸ್ತಿ. ನಡುವಿನದು ಮೈಕ್ರೋ ಎಟಿಎಕ್ಸ್, 244ಕ್ಕೆ 244. ಅದನ್ನೇ ಹಿಡಿದೆ.

ಪ್ರೊಸೆಸರ್ ಮೊದಲೇ ಗೊತ್ತಾಗಿತ್ತು, ಎಎಂಡಿ ರೈಜನ್ 5 7600. ಆರು ಕೋರ್, ಹನ್ನೆರಡು ಥ್ರೆಡ್. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060, ಅದನ್ನು ಸ್ನೇಹಿತನೊಬ್ಬನಿಂದ ಕಡಿಮೆಗೆ ತಗೊಂಡಿದ್ದೆ. ಉಳಿದದ್ದು ಬೋರ್ಡ್. ಬಿ650 ಚಿಪ್‌ಸೆಟ್‌ನ (ಬೋರ್ಡಿನ ಭಾಗಗಳ ನಡುವೆ ಮಾತುಕತೆ ನಡೆಸುವ ಚಿಪ್) ಮೂರು ಬೋರ್ಡುಗಳ ಮೇಲೆ ಕಣ್ಣಿತ್ತು, ಮೂರೂ ಹನ್ನೆರಡರಿಂದ ಹದಿನಾರು ಸಾವಿರದ ಒಳಗೆ. ಆ ವರ್ಷದ ಜನವರಿಯಲ್ಲೇ ಅದರ ನಂತರದ ಬಿ850 ಬಂದಿತ್ತು. ನನ್ನ ಕೆಲಸಕ್ಕೆ ಅದರಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ.

ಮೂರು ಬೋರ್ಡಿನ ಡಬ್ಬಿ ಮೇಲೂ ಮಿಂಚು, ಬೆಂಕಿ, ಬಣ್ಣದ ಲೈಟಿನ ಚಿತ್ರ. ಅದನ್ನೆಲ್ಲ ಬಿಟ್ಟು ನಾನು ಮೊದಲು ನೋಡಿದ್ದು ವಿಆರ್‌ಎಂ. ಪ್ರೊಸೆಸರಿಗೆ ಕರೆಂಟ್ ಹದ ಮಾಡಿಕೊಡುವ ಭಾಗ ಇದು. ಪವರ್ ಸಪ್ಲೈಯಿಂದ ಬರೋದು 12 ವೋಲ್ಟ್. ಪ್ರೊಸೆಸರಿಗೆ ಬೇಕಾಗಿರೋದು ಹೆಚ್ಚುಕಮ್ಮಿ 1.2 ವೋಲ್ಟ್. ಈ 7600 ಪೂರ್ತಿ ಕೆಲಸ ಮಾಡುವಾಗ 88 ವಾಟ್ ತನಕ ಎಳೆಯುತ್ತದೆ. 88 ಅನ್ನು 1.2ರಿಂದ ಭಾಗಿಸಿ ನೋಡಿ, 70 ಆಂಪಿಯರ್ ಮೇಲೆ ಬರುತ್ತದೆ. ನಮ್ಮ ಬಚ್ಚಲುಮನೆಯ 2000 ವಾಟ್ ಗೀಸರ್ ಎಳೆಯೋದು ಒಂಬತ್ತು ಆಂಪಿಯರ್ ಅಷ್ಟೇ. ಅಂದರೆ ಉಗುರಿನಷ್ಟು ಚಿಕ್ಕ ಬಿಡಿಭಾಗಗಳು ಸಾಲಾಗಿ ನಿಂತು ಏಳೆಂಟು ಗೀಸರಿನಷ್ಟು ಆಂಪಿಯರ್ ಸಾಗಿಸಬೇಕು. ಹೊರೆಯನ್ನು ಹಂಚಿಕೊಂಡು ಸರದಿಯ ಮೇಲೆ ಸಾಗಿಸುತ್ತವೆ. ಸಾಲಿನಲ್ಲಿ ಆಳು ಕಡಿಮೆಯಾದರೆ ಒಬ್ಬೊಬ್ಬರ ಮೇಲೂ ಭಾರ ಜಾಸ್ತಿ, ಬಿಸಿ ಜಾಸ್ತಿ. ಬಿಸಿ ಮಿತಿ ಮೀರಿದರೆ ಬೋರ್ಡೇ ಪ್ರೊಸೆಸರಿನ ವೇಗ ಇಳಿಸುತ್ತದೆ.

ಮಂಡ್ಯದ ಏಪ್ರಿಲ್‌ನಲ್ಲಿ ಫ್ಯಾನ್ ಹಾಕಿದರೂ ನನ್ನ ರೂಮು 34 ಡಿಗ್ರಿ ಇರುತ್ತದೆ. ಎಸಿ ಇರುವ ಕೋಣೆಯಲ್ಲಿ ಕೂತು ಯಾರೋ ಪರೀಕ್ಷೆ ಮಾಡಿ ಕೊಟ್ಟ ಅಂಕಿ ನನಗೆ ಅರ್ಧ ಮಾತ್ರ ಉಪಯೋಗ. ಆ ಕಾರಣಕ್ಕೆ ಮೂರರಲ್ಲಿ ಅಗ್ಗದ್ದನ್ನು ಮೊದಲೇ ಬಿಟ್ಟೆ, ಅದರ ವಿಆರ್‌ಎಂನ ಒಂದು ಪಕ್ಕಕ್ಕೆ ಬಿಸಿ ಹೀರಿಕೊಳ್ಳುವ ಲೋಹದ ಹೀಟ್‌ಸಿಂಕೇ ಇರಲಿಲ್ಲ.

ಎರಡನೇದು ಜಾಗದ ಲೆಕ್ಕ. ಸೀರೆ ಡಬ್ಬಿಯ ರಟ್ಟು ತಗೊಂಡು 244ಕ್ಕೆ 244 ಚೌಕ ಕತ್ತರಿಸಿದೆ. ಉಳಿದ ಎರಡು ಬೋರ್ಡುಗಳ ಫೋಟೋ ನೋಡಿಕೊಂಡು ಒಂದೊಂದು ಮಗ್ಗುಲಲ್ಲಿ ಒಂದೊಂದರ ನಕ್ಷೆ ಬರೆದೆ. ಕಾರ್ಡ್ ಚುಚ್ಚುವ ಒಂದು ಸ್ಲಾಟಿಂದ ಇನ್ನೊಂದಕ್ಕೆ 20 ಮಿಲಿಮೀಟರ್‌ಗಿಂತ ಒಂದು ಕೂದಲು ಹೆಚ್ಚು. ಆಮೇಲೆ ಗ್ರಾಫಿಕ್ಸ್ ಕಾರ್ಡನ್ನೇ ಅದರ ಮೇಲೆ ಇಟ್ಟೆ. ಆಗ ಗೊತ್ತಾಯಿತು. ಒಂದು ಬೋರ್ಡಿನಲ್ಲಿ ಹಾರ್ಡ್ ಡಿಸ್ಕಿನ ಕೇಬಲ್ ಚುಚ್ಚುವ ಸಾಟಾ ಪೋರ್ಟುಗಳು ನೇರ ಮೇಲಕ್ಕೆ ಮುಖ ಮಾಡಿದ್ದವು, ಸರಿಯಾಗಿ ಕಾರ್ಡಿನ ಹೊಟ್ಟೆ ಕೆಳಗೆ. ನನ್ನ ಹಳೇ ಹಾರ್ಡ್ ಡಿಸ್ಕಿನಲ್ಲಿ ಅಪ್ಪ ಅಮ್ಮನ ಷಷ್ಟ್ಯಬ್ದಿಯ ವಿಡಿಯೋ ಇದೆ, ಅದನ್ನು ಹಾಕಲೇಬೇಕು. ಕೇಬಲ್ ಚುಚ್ಚಿದರೆ ಕಾರ್ಡ್ ಕೂರಲ್ಲ. ಇನ್ನೊಂದು ಬೋರ್ಡಿನಲ್ಲಿ ಸಾಟಾ ಪೋರ್ಟ್ ಅಂಚಿನಲ್ಲಿ ಮಲಗಿತ್ತು. ನನ್ನ ತೀರ್ಮಾನವಾಗಿದ್ದು ಆ ರಟ್ಟಿನ ಮೇಲೆ, ಹದಿಮೂರು ಸಾವಿರದ ಚಿಲ್ಲರೆಗೆ.

ಗ್ರಾಫಿಕ್ಸ್ ಕಾರ್ಡಿಗೂ ಬೋರ್ಡಿಗೂ ನಡುವಿನ ಹೊಸ, ವೇಗದ ದಾರಿಯಾದ ಪಿಸಿಐಇ 5.0 ಬೇಕಾ ಅಂತ ತುಂಬಾ ಜನ ತಲೆ ಕೆಡಿಸಿಕೊಳ್ಳುತ್ತಾರೆ. 4060 ಕಾರ್ಡ್ ಬಳಸೋದೇ 4.0ದ ಎಂಟು ಲೇನ್. ಸುಮ್ನೆ ಅದಕ್ಕೆ ದುಡ್ಡು ಸುರಿಯಬೇಡಿ.

ಮೈಸೂರು ನಮಗೆ 45 ಕಿಲೋಮೀಟರ್, ಅಲ್ಲೂ ಒಳ್ಳೇ ಅಂಗಡಿಗಳಿವೆ. ಆದರೆ ಆ ವಾರ ನನಗೆ ಬೇಕಾದ ಬೋರ್ಡ್ ಸಿಕ್ಕಿದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ. ಶನಿವಾರ ಬೆಳಗಿನ ರೈಲು ಹತ್ತಿದೆ. ಅಂಗಡಿಯವರು ಒಳ್ಳೆಯವರು. ನಾನು ಕೇಳುವ ಮೊದಲೇ ಕೌಂಟರ್ ಮೇಲೆ ಡಬ್ಬಿ ತೆರೆದು ಪ್ರೊಸೆಸರ್ ಕೂರುವ ಸಾಕೆಟ್ ತೋರಿಸಿದರು. ಎಎಂ5 ಅನ್ನುವ ಈ ಸಾಕೆಟ್‌ನಲ್ಲಿ 1718 ಪಿನ್‌ಗಳಿವೆ, ಪ್ರೊಸೆಸರಿನಲ್ಲಿ ಅಲ್ಲ, ಬೋರ್ಡಿನಲ್ಲೇ. ಒಂದು ಬಗ್ಗಿದರೂ ಕಷ್ಟ, ಬಗ್ಗಿದ ಪಿನ್ನಿಗೆ ವಾರಂಟಿಯೂ ಇಲ್ಲ. ಮೊಬೈಲ್ ಟಾರ್ಚನ್ನು ನೇರ ಮೇಲಿಂದ ಬಿಟ್ಟರೆ ಏನೂ ತಿಳಿಯಲ್ಲ. ಪಕ್ಕದಿಂದ ಓರೆಯಾಗಿ ಬಿಡಬೇಕು. ಆಗ ಎಲ್ಲ ಪಿನ್ನಿನ ತುದಿಯೂ ಒಂದೇ ಸಮ ಮಿನುಗುತ್ತದೆ, ನಾಟಿ ಮಾಡಿದ ಗದ್ದೆಯ ಸಾಲಿನ ಹಾಗೆ. ಟಾರ್ಚ್ ಸ್ವಲ್ಪ ಸರಿಸಿದರೆ ಆ ಮಿನುಗು ಸಾಲಾಗಿ ಸರಿಯುತ್ತದೆ. ಎಲ್ಲಾದರೂ ಒಂದು ಚುಕ್ಕಿ ಸಾಲು ತಪ್ಪಿದರೆ ಅದು ಬಗ್ಗಿದ ಪಿನ್. ನಾಲ್ಕು ದಿಕ್ಕಿನಿಂದಲೂ ನೋಡಿ, ಫೋಟೋ ತೆಗೆದುಕೊಂಡು, ಆಮೇಲೆ ದುಡ್ಡು ಕೊಟ್ಟೆ.

ಭಾನುವಾರ ಜೋಡಿಸಲು ಕೂತೆ. ಅಕ್ಕನ ಮಗ ಪಿಯುಸಿ ಪರೀಕ್ಷೆ ಮುಗಿಸಿ ರಜಕ್ಕೆ ಬಂದಿದ್ದ. ಅವನ ಕೈ ನನ್ನದಕ್ಕಿಂತ ಸಣ್ಣ, ಇಕ್ಕಟ್ಟಿನ ಕೆಲಸಕ್ಕೆ ಒಳ್ಳೆಯದು. ಕ್ಯಾಬಿನೆಟ್ಟಿಗೆ ಹಾಕುವ ಮೊದಲು ಎಲ್ಲವನ್ನೂ ಟೇಬಲ್ ಮೇಲೇ, ಬೋರ್ಡಿನ ಡಬ್ಬಿ ಮೇಲೆ ಇಟ್ಟು ಜೋಡಿಸಿದೆವು. ವಾಪಸ್ ಕೊಡುವ ಸಂದರ್ಭ ಬಂದರೆ ಬಿಚ್ಚಲು ಸುಲಭ. ಪ್ರೊಸೆಸರ್ ಇಟ್ಟು ಸಾಕೆಟ್ಟಿನ ಕಡ್ಡಿ ಒತ್ತುವಾಗ ಕರಕರ ಅನ್ನುತ್ತದೆ, ಬಲ ಬೇಕಾಗುತ್ತದೆ. ಮೊದಲ ಸಲ ಮಾಡುವವರಿಗೆ ಮುರಿದೇಹೋಯಿತು ಅನ್ನಿಸಬಹುದು. ಹೆದರಬೇಡಿ, ಅದು ಹಾಗೇ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗೇ ಚಿಮ್ಮಿ ಹೊರಗೆ ಬರುತ್ತದೆ. ಆ ಮುಚ್ಚಳವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಬೋರ್ಡ್ ವಾಪಸ್ ಕೊಡುವಾಗ ಪಿನ್ ಮುಚ್ಚಲು ಅದೇ ಬೇಕು.

ರ‍್ಯಾಮ್ ಎರಡು ಕಡ್ಡಿ, ಒಂದೊಂದೂ 16 ಜಿಬಿ. ಹುಡುಗ ಪ್ರೊಸೆಸರ್ ಕಡೆಯಿಂದ ಒಂದು ಮತ್ತು ಮೂರನೇ ಸ್ಲಾಟಿಗೆ ಹಾಕಿದ್ದ. ಎರಡು ಮತ್ತು ನಾಲ್ಕಕ್ಕೆ ಬದಲಿಸಿದೆವು. ಎರಡೇ ಕಡ್ಡಿ ಇದ್ದಾಗ ಈ ಬೋರ್ಡುಗಳಲ್ಲಿ ಅವೇ ಸರಿಯಾದ ಜಾಗ.

ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು. ಮಾನಿಟರ್ ಕಪ್ಪು. ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ಲೈಟುಗಳಿವೆ, ಪ್ರೊಸೆಸರಿಗೊಂದು, ರ‍್ಯಾಮಿಗೊಂದು, ಗ್ರಾಫಿಕ್ಸಿಗೊಂದು, ಬೂಟಿಗೊಂದು. ರ‍್ಯಾಮಿನ ಹಳದಿ ದೀಪ ಹತ್ತಿಕೊಂಡು ನಿಂತುಬಿಟ್ಟಿತು. ಒಂದು ನಿಮಿಷ, ಎರಡು ನಿಮಿಷ. ಹುಡುಗ ಪವರ್ ಬಟನ್ ಕಡೆ ಕೈ ಚಾಚಿದ, ಬೇಡ ಅಂದೆ. ಡಿಡಿಆರ್5 ರ‍್ಯಾಮ್ ಮೊದಲ ಸಲ ಬೋರ್ಡಿನ ಜೊತೆ ಹೊಂದಿಕೊಳ್ಳಲು ಸಮಯ ತಗೊಳ್ಳುತ್ತದೆ, ಟ್ರೈನಿಂಗ್ ಅಂತಾರೆ. ಗೊತ್ತಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು. ನಾಲ್ಕನೇ ನಿಮಿಷಕ್ಕೆ ಹಳದಿ ಆರಿ ಸ್ಕ್ರೀನ್ ಬಂತು. ಈ ನಾಲ್ಕು ನಿಮಿಷ ತಿಳಿಯದೆ ಎಷ್ಟು ಜನ ಒಳ್ಳೇ ಬೋರ್ಡನ್ನು ಕೆಟ್ಟಿದೆ ಅಂತ ವಾಪಸ್ ಕೊಟ್ಟಿರಬಹುದು ಅಂತ ಆಗ ಯೋಚನೆ ಬಂತು.

ಸೋಮವಾರ ರ‍್ಯಾಮ್ ಪರೀಕ್ಷೆ. ಕಡ್ಡಿಯ ಮೇಲೆ 6000 ಅಂತ ಬರೆದಿದ್ದರೂ ಸುಮ್ನೆ ಹಾಕಿದರೆ 4800ರಲ್ಲಿ ಓಡುತ್ತದೆ. ಬರೆದಷ್ಟು ವೇಗ ಬೇಕಾದರೆ ಬೋರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಎಕ್ಸ್‌ಪೋ ಅನ್ನುವ ಆಯ್ಕೆ ಆನ್ ಮಾಡಬೇಕು. ಆನ್ ಮಾಡಿ ರಾತ್ರಿ ಮೆಮ್‌ಟೆಸ್ಟ್86 ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆ ತುಂಬಾ ಕೆಂಪು ಸಾಲು. 4800ಕ್ಕೆ ಇಳಿಸಿದರೆ ಒಂದೂ ತಪ್ಪಿಲ್ಲ. ಕಡ್ಡಿಗಿಂತ ಹೊಂದಾಣಿಕೆಯ ಮೇಲೇ ಅನುಮಾನ ಬಂತು. ಬೋರ್ಡಿನಲ್ಲಿದ್ದ ಬಯೋಸ್ 2023ರದ್ದು. ಅದಾದ ಮೇಲೆ ಹತ್ತಾರು ಆವೃತ್ತಿ ಬಂದಿದ್ದವು.

ಹಳೇ ಬಯೋಸ್ ಅನ್ನು ಹಾಗೇ ಬಿಡಬಾರದು ಅನ್ನಲು ಇನ್ನೊಂದು ಕಾರಣವೂ ಇತ್ತು. 2023ರ ಏಪ್ರಿಲ್‌ನಲ್ಲಿ ಕೆಲವರ ರೈಜನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್ಟಿನಲ್ಲೇ ಸುಟ್ಟುಹೋದ ಸುದ್ದಿ ಬಂದಿತ್ತು. ಆಮೇಲೆ ಎಸ್‌ಒಸಿ ವೋಲ್ಟೇಜ್, ಅಂದರೆ ಪ್ರೊಸೆಸರಿನೊಳಗೆ ಮೆಮೊರಿ ನೋಡಿಕೊಳ್ಳುವ ಭಾಗದ ವೋಲ್ಟೇಜ್, 1.3 ದಾಟದ ಹಾಗೆ ಹೊಸ ಬಯೋಸ್‌ಗಳಲ್ಲಿ ಕಟ್ಟು ಹಾಕಿದರು. ನನ್ನದು ಎಕ್ಸ್3ಡಿ ಅಲ್ಲ. ಆದರೂ ಎಎಂ5 ಬೋರ್ಡ್ ಹಳೇ ಸ್ಟಾಕ್ ಆಗಿದ್ದರೆ ಎಕ್ಸ್‌ಪೋ ಮುಟ್ಟುವ ಮೊದಲು ಬಯೋಸ್ ಬದಲಿಸಿ. ನಾನು ಆ ಕ್ರಮ ತಪ್ಪಿದ್ದೆ, ಹಾಗೆ ಮಾಡಬಾರದಿತ್ತು.

ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಬೋರ್ಡ್ ಸತ್ತ ಹಾಗೆ. ಬೇಸಿಗೆಯಲ್ಲಿ ಸಂಜೆ ಹೊತ್ತು ನಮ್ಮ ಬೀದಿಯಲ್ಲಿ ಕರೆಂಟನ್ನು ನಂಬಲು ಆಗಲ್ಲ. 600 ವಿಎ ಯುಪಿಎಸ್‌ಗೆ ಪ್ಲಗ್ ಹಾಕಿ, ಪೆನ್‌ಡ್ರೈವ್ ಅನ್ನು ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ, ಮಂಗಳವಾರ ಸಂಜೆಯಾಗುವ ಮೊದಲೇ ಕೂತೆ. ಈ ಬೋರ್ಡಿನ ಹಿಂಭಾಗದಲ್ಲಿ ಫ್ಲ್ಯಾಶ್ ಬಟನ್ ಇದೆ. ಬರವಣಿಗೆ ಕೆಟ್ಟರೂ ಪೆನ್‌ಡ್ರೈವ್ ಚುಚ್ಚಿ ಆ ಬಟನ್ ಒತ್ತಿದರೆ ಮತ್ತೆ ಬರೆದುಕೊಳ್ಳುತ್ತದೆ, ಪ್ರೊಸೆಸರ್ ಇಲ್ಲದಿದ್ದರೂ ಸೈ. ಬಣ್ಣದ ಲೈಟಿಲ್ಲದ ಬೋರ್ಡ್ ತಗೊಳ್ಳಿ ಪರವಾಗಿಲ್ಲ, ಈ ಬಟನ್ ಇಲ್ಲದ್ದು ಬೇಡ. ನಮ್ಮಂಥ ಊರಲ್ಲಿ ಅದು ಸ್ಟೆಪ್ನಿ ಇದ್ದ ಹಾಗೆ. ಹೊಸ ಬಯೋಸ್ ಹಾಕಿ ಎಕ್ಸ್‌ಪೋ ಆನ್ ಮಾಡಿ ನೋಡಿದೆ, ಎಸ್‌ಒಸಿ 1.25 ವೋಲ್ಟಿನಲ್ಲಿ ನಿಂತಿತು. ಮೆಮ್‌ಟೆಸ್ಟ್ ನಾಲ್ಕು ಸುತ್ತು ಪೂರ್ತಿ ಮುಗಿಸಿತು, ಒಂದೂ ಕೆಂಪು ಸಾಲಿಲ್ಲ.

ಬುಧವಾರ ಬಿಸಿಯ ದಿನ. ಅವತ್ತು ಬೇಕಂತಲೇ ಮಧ್ಯಾಹ್ನ ಎರಡು ಗಂಟೆ ಆರಿಸಿಕೊಂಡೆ. ಕಿಟಕಿ ಮುಚ್ಚಿದೆ. ಗೋಡೆಯ ಥರ್ಮಾಮೀಟರ್ 34 ತೋರಿಸುತ್ತಿತ್ತು. ಪ್ರೊಸೆಸರನ್ನು ಪೂರ್ತಿ ದುಡಿಸುವ ಸಿನೆಬೆಂಚ್ ಆರ್23 ಅನ್ನು ಹತ್ತು ನಿಮಿಷ ಓಡಿಸಿ, ಎಚ್‌ಡಬ್ಲ್ಯುಇನ್ಫೋದಲ್ಲಿ ಬಿಸಿಯ ಅಂಕಿ ನೋಡುತ್ತಾ ಕೂತೆ. ಪ್ರೊಸೆಸರ್ ಜೊತೆ ಬಂದ ಕೂಲರ್ ಹಾಕಿದ್ದಾಗ ಪ್ರೊಸೆಸರ್ 93 ಡಿಗ್ರಿಗೆ ಹೋಯಿತು, ಅದರ ಮಿತಿ 95. ವಿಆರ್‌ಎಂ ಮಾತ್ರ 58. ಅಬ್ಬಾ, ಬೋರ್ಡ್ ಚೆನ್ನಾಗಿದೆ ಅಂದುಕೊಂಡೆ. ಆಮೇಲೆ ಎತ್ತರದ ಟವರ್ ಕೂಲರ್ ಹಾಕಿದೆ. ಪ್ರೊಸೆಸರ್ 77ಕ್ಕೆ ಇಳಿಯಿತು, ವಿಆರ್‌ಎಂ 66ಕ್ಕೆ ಏರಿತು!

ಮೊದಲು ತಲೆಗೆ ಹೋಗಲಿಲ್ಲ. ಬೆರಳಿಟ್ಟು ಗಾಳಿ ಎಲ್ಲಿ ಬರುತ್ತಿದೆ ಅಂತ ನೋಡಿದ ಮೇಲೆ ತಿಳಿಯಿತು. ಜೊತೆಗೆ ಬಂದ ಗಿಡ್ಡ ಕೂಲರ್ ಗಾಳಿಯನ್ನು ಕೆಳಕ್ಕೆ, ಬೋರ್ಡಿನ ಮೇಲಕ್ಕೇ ಊದುತ್ತದೆ. ಆ ಗಾಳಿ ಸುತ್ತ ಹರಡಿ ವಿಆರ್‌ಎಂ ಅನ್ನೂ ತಣಿಸುತ್ತದೆ. ಟವರ್ ಕೂಲರಿನ ಗಾಳಿ ಬೋರ್ಡಿಗೆ ತಾಗದೆ ಅಡ್ಡಡ್ಡ ಹಿಂದಕ್ಕೆ ಹೋಗಿಬಿಡುತ್ತದೆ. ಹಾಗಾಗಿ ನನ್ನ ಮನಸ್ಸಿನಲ್ಲಿ ಉಳಿಯಬೇಕಾದ ಅಂಕಿ 58 ಅಲ್ಲ, ಟವರ್ ಕೂಲರ್ ಹಾಕಿ ಚಿಕ್ಕ ಕ್ಯಾಬಿನೆಟ್ಟಿನೊಳಗೆ ಮುಚ್ಚಿ ಎರಡು ಗಂಟೆ ಗೇಮ್ ಆಡಿದ ಮೇಲಿನ ಅಂಕಿ. ಎಲ್ಲವನ್ನೂ ಕ್ಯಾಬಿನೆಟ್ಟಿಗೆ ಸೇರಿಸಿ ರಾತ್ರಿ ಆಡಿ ನೋಡಿದೆ. ವಿಆರ್‌ಎಂ 71. ನೂರರ ಹತ್ತಿರ ಹೋಗದಿದ್ದರೆ ಸಾಕು ಅಂತಿದ್ದೆ, ತುಂಬಾ ದೂರವೇ ನಿಂತಿತು. ಹದಿಮೂರು ಸಾವಿರದ ಬೋರ್ಡಿಗೆ ಇದು ನಿಜಕ್ಕೂ ಹೆಮ್ಮೆಯ ಅಂಕಿ.

ಎಸ್‌ಎಸ್‌ಡಿ ಮಾತ್ರ 79 ತೋರಿಸಿತು. ಹೀಟ್‌ಸಿಂಕ್ ಬಿಚ್ಚಿದರೆ ಥರ್ಮಲ್ ಪ್ಯಾಡಿನ ಮೇಲಿನ ತೆಳು ಪ್ಲಾಸ್ಟಿಕ್ ಪೊರೆ ಹಾಗೇ ಇತ್ತು, ತೆಗೆಯೋದು ಮರೆತಿದ್ದೆವು. ತೆಗೆದ ಮೇಲೆ 60.

ಗುರುವಾರ ಹೆಡ್‌ಫೋನ್ ಹಾಕಿಕೊಂಡಾಗ ಬೋರ್ಡಿನ ಮೇಲಿದ್ದ ಖುಷಿ ಅರ್ಧ ಇಳಿದುಹೋಯಿತು. ಆಟದ ಸದ್ದಿನ ಹಿಂದೆ ಗುಂಯ್ ಅಂತ ಒಂದು ಸದ್ದು. ಮೌಸ್ ಅಲ್ಲಾಡಿಸಿದರೆ ಅದರ ಮೇಲೆ ಕಿರ್ರ್ ಅನ್ನುವ ಇನ್ನೊಂದು. ಆಟ ನಿಲ್ಲಿಸಿದರೆ ಇನ್ನೂ ಸ್ಪಷ್ಟ. ಮುಂದಿನ ಜಾಕ್ ಬಿಟ್ಟು ಹಿಂದಿನದಕ್ಕೆ ಹಾಕಿದೆ, ಅದೇ. ಡ್ರೈವರ್ ಬದಲಿಸಿದೆ, ಅದೇ. ಕಾರ್ಡ್ ತೆಗೆದು ಪ್ರೊಸೆಸರಿನ ಗ್ರಾಫಿಕ್ಸ್‌ನಲ್ಲೇ ಓಡಿಸಿದೆ, ಅದೇ. ಈ ಬೆಲೆಯ ಬೋರ್ಡುಗಳಲ್ಲಿ ಆಡಿಯೋ ಚಿಪ್ ಸಾಧಾರಣದ್ದೇ ಹಾಕಿರುತ್ತಾರೆ, ಅಲ್ವಾ? ಅದೇ ಕಾರಣ ಅಂತ ನಂಬಿಬಿಟ್ಟೆ. ಅಂಗಡಿಗೆ ಫೋನ್ ಮಾಡಿದೆ. ಶನಿವಾರ ತನ್ನಿ, ಬದಲಿಸಿಕೊಡ್ತೀನಿ ಅಂದರು. ಪಾಪ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಬಿಚ್ಚಲು ಕೂತೆ. ಸೈಡ್ ಪ್ಯಾನೆಲಿನ ಸ್ಕ್ರೂಗೆ ಬರಿಗೈ ತಾಗಿದಾಗ ಬೆರಳ ತುದಿಯಲ್ಲಿ ಜುಮ್ ಅಂದಿತು. ಶಾಕ್ ಅಂತ ಹೇಳುವಷ್ಟಲ್ಲ. ಇರುವೆ ಸಾಲು ಹರಿದ ಹಾಗೆ. ಕಾಲಿಗೆ ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಇಲ್ಲ, ಬರಿಗಾಲಲ್ಲಿ ಮುಟ್ಟಿದರೆ ಜುಮ್. ಟೆಸ್ಟರ್ ತಂದು ಸ್ಕ್ರೂ ಮೇಲೆ ಇಟ್ಟೆ. ಒಳಗಿನ ಪುಟ್ಟ ಬಲ್ಬು ಮಸುಕಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ತಕ್ಷಣ ಪ್ಲಗ್ ಕಿತ್ತೆ.

ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಶುಕ್ರವಾರ ಬೆಳಿಗ್ಗೆ ಬಂದರು. ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವವರು. ಬೋರ್ಡ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ನೇರ ಗೋಡೆಯ ಸಾಕೆಟ್ಟಿಗೆ ಮಲ್ಟಿಮೀಟರ್ ಹಚ್ಚಿದರು. ಫೇಸಿಂದ ನ್ಯೂಟ್ರಲ್‌ಗೆ 226 ವೋಲ್ಟ್. ಸರಿ. ಫೇಸಿಂದ ಅರ್ತಿಗೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ಬಂದಿದ್ದು 40, ಅದೂ ಒಂದು ಕಡೆ ನಿಲ್ಲದೆ ಓಲಾಡುತ್ತಿತ್ತು. ಪ್ಲಗ್ ಹಾಕಿಸಿ ಕ್ಯಾಬಿನೆಟ್ಟಿಂದ ನ್ಯೂಟ್ರಲ್‌ಗೆ ಹಿಡಿದರು, 108.

"ಸಾರ್, ನಿಮ್ ಕಂಪ್ಯೂಟರಿಗೆ ಏನೂ ಆಗಿಲ್ಲ. ನಿಮ್ ಮನೆಗೆ ಅರ್ತೇ ಇಲ್ಲ" ಅಂದರು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಫೇಸಿಂದ ಅರ್ತಿಗೊಂದು, ನ್ಯೂಟ್ರಲ್‌ನಿಂದ ಅರ್ತಿಗೊಂದು ಪುಟ್ಟ ಕೆಪಾಸಿಟರ್ ಇರುತ್ತವೆ, ಕರೆಂಟಿನ ಗಲಾಟೆ ಸೋಸಲು. ಸೋಸಿದ ಕಸವನ್ನು ಅವು ಅರ್ತಿಗೆ ಚೆಲ್ಲುತ್ತವೆ. ಅರ್ತೇ ಇಲ್ಲದಿದ್ದರೆ ಚೆಲ್ಲಲು ಜಾಗ ಇಲ್ಲ. ಆಗ ಇಡೀ ಕ್ಯಾಬಿನೆಟ್ ಮನೆಯ ವೋಲ್ಟೇಜಿನ ಅರ್ಧದಲ್ಲಿ ತೇಲುತ್ತದೆ. ಹರಿಯುವ ಕರೆಂಟ್ ತೀರಾ ಸ್ವಲ್ಪ, ಅದಕ್ಕೇ ಬರೀ ಜುಮ್ ಅನ್ನೋದು. ಆದರೆ ಆಡಿಯೋದ ಸಣ್ಣ ಸಿಗ್ನಲ್ಲಿಗೆ ಅಷ್ಟೇ ಸಾಕು, ಗಲಾಟೆಯೆಲ್ಲ ಹೆಡ್‌ಫೋನಿಗೆ ಬರುತ್ತದೆ. ಹಳೇ ಕಂಪ್ಯೂಟರಲ್ಲಿ ನಾನು ಸ್ಪೀಕರ್ ಬಳಸುತ್ತಿದ್ದೆ, ಫ್ಯಾನಿನ ಸದ್ದಿನಲ್ಲಿ ಇದು ಕೇಳಿಸಿರಲೇ ಇಲ್ಲ.

ಹಿತ್ತಿಲಿಗೆ ಹೋದೆವು. ಅರ್ತಿಂಗ್ ಗುಂಡಿ ತೆಂಗಿನ ಮರದ ಪಕ್ಕ ಇದೆ, ಮನೆ ಕಟ್ಟಿದಾಗ ಇದ್ದಿಲು, ಉಪ್ಪು ತುಂಬಿ ಮಾಡಿಸಿದ್ದು. ಮಣ್ಣು ಬಿರುಕು ಬಿಟ್ಟಿತ್ತು. ಕೆದಕಿದರೆ ಪೈಪಿಗೆ ಹಸಿರು ತಂತಿ ಕಟ್ಟಿದ್ದ ಕ್ಲ್ಯಾಂಪು ತುಕ್ಕು ಹಿಡಿದು ಪುಡಿಪುಡಿ. ತಂತಿ ಪೈಪಿಗೆ ತಾಗಿಯೂ ತಾಗದ ಹಾಗೆ ಜೋತಾಡುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತಿದ್ದರು. "ಬೇಸ್ಗೇಲಿ ವಾರಕ್ಕೆರಡು ಸಲ ಆ ಗುಂಡಿಗೆ ನೀರು ಹುಯ್ತಿದ್ರು ನಿಮ್ಮಪ್ಪ. ಯಾಕೆ ಅಂತ ನಾನು ಕೇಳ್ಳೇ ಇಲ್ಲ" ಅಂದರು. ಅಪ್ಪ ಹೋಗಿ ನಾಲ್ಕು ವರ್ಷ. ಆಮೇಲೆ ಆ ಗುಂಡಿಗೆ ಯಾರೂ ನೀರು ಹಾಕಿಲ್ಲ. ಅಪ್ಪ ಅಲ್ಲಿ ಬಿಂದಿಗೆ ಬಗ್ಗಿಸೋದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಮರಕ್ಕೆ ಅಂತಲೇ ತಿಳಿದಿದ್ದೆ.

ಹೊಸ ಕ್ಲ್ಯಾಂಪು, ಹೊಸ ತಂತಿ, ಸಾಕೆಟ್ಟಿನ ಒಳಗೆ ಸಡಿಲವಾಗಿದ್ದ ಸ್ಕ್ರೂ ಬಿಗಿ, ಗುಂಡಿಗೆ ನಾಲ್ಕು ಬಕೆಟ್ ನೀರು. ಒಟ್ಟು ಒಂದೂವರೆ ಗಂಟೆ ಕೆಲಸ. ಮತ್ತೆ ಮೀಟರ್ ಹಚ್ಚಿದರು. ಫೇಸಿಂದ ಅರ್ತಿಗೆ 224. ನ್ಯೂಟ್ರಲ್‌ನಿಂದ ಅರ್ತಿಗೆ 2. ಸ್ಕ್ರೂ ಮೇಲೆ ಟೆಸ್ಟರ್ ಇಟ್ಟರೆ ಕತ್ತಲು.

ಹೆಡ್‌ಫೋನ್ ಹಾಕಿಕೊಂಡೆ. ಗುಂಯ್ ಇಲ್ಲ. ಮೌಸ್ ಜೋರಾಗಿ ಅಲ್ಲಾಡಿಸಿದೆ, ಕಿರ್ರ್ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದರೆ ಎಲ್ಲೋ ದೂರದಲ್ಲಿ ಉಸಿರಿನಷ್ಟು ಸದ್ದು, ಅಷ್ಟೇ. ಆ ಹುಡುಗ ನನ್ನ ಮುಖ ನೋಡಿ ತಾನೂ ಒಂದು ಕಿವಿಗೆ ಇಟ್ಟುಕೊಂಡ. ಇಬ್ಬರೂ ಏನೂ ಇಲ್ಲದ್ದನ್ನು ಕೇಳುತ್ತಾ ಕೂತಿದ್ದೆವು.

ಶನಿವಾರ ಏಳನೇ ದಿನ. ರೈಲಿನ ಬದಲು ಫೋನ್. ಬೋರ್ಡ್ ಇಟ್ಟುಕೊಳ್ತೀನಿ, ತಪ್ಪು ಅದರದ್ದಲ್ಲ ಅಂತ ಅಂಗಡಿಯವರಿಗೆ ಹೇಳಿದೆ. ಕಾರಣ ಕೇಳಿದರು, ಪೂರ್ತಿ ಹೇಳಿದೆ. ಹೀಗೆ ಸದ್ದು ಅಂತ ವಾಪಸ್ ಬಂದ ಬೋರ್ಡುಗಳು ತಮ್ಮಲ್ಲಿ ಓಡಿಸಿದಾಗ ಸರಿಯಾಗೇ ಇರುತ್ತಿದ್ದವು ಅಂತ ಅವರು ನೆನಪಿಸಿಕೊಂಡರು.

ಅಷ್ಟಕ್ಕೇ ಈ ಬೋರ್ಡ್ ಅಪ್ಪಟ ಚಿನ್ನ ಅಂತ ನಾನು ಹೇಳಲ್ಲ. ಫ್ಯಾನಿಗೆ ವೈರ್ ಚುಚ್ಚುವ ಮೂರೇ ಹೆಡರ್ ಇವೆ, ನಾಲ್ಕಾದರೂ ಬೇಕಿತ್ತು. ಮುಂದಿನ ಟೈಪ್-ಸಿ ಪೋರ್ಟಿನ ಕೇಬಲ್ ಹಾಕುವ ಜಾಗ 24 ಪಿನ್ ಪ್ಲಗ್ಗಿಗೆ ಅಂಟಿಕೊಂಡಂತಿದೆ, ದಪ್ಪ ಬೆರಳಿನವರಿಗೆ ಹಿಂಸೆ. ಎರಡನೇ ಎಂ.2 ಸ್ಲಾಟ್ ಕಾರ್ಡಿನ ಕೆಳಗಿದೆ, ಅಲ್ಲಿ ಎಸ್‌ಎಸ್‌ಡಿ ಹಾಕಿದರೆ ಹತ್ತು ಡಿಗ್ರಿ ಜಾಸ್ತಿ. ಬೂಟ್ ಆಗಲು ಮೊದಲೆಲ್ಲ ಪ್ರತಿ ಸಲ ಮುಕ್ಕಾಲು ನಿಮಿಷ ಹಿಡಿಯುತ್ತಿತ್ತು. ಬಯೋಸ್‌ನಲ್ಲಿ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಆನ್ ಮಾಡಿದ ಮೇಲೆ ಹಳೇ ಟ್ರೈನಿಂಗ್ ನೆನಪಿಟ್ಟುಕೊಂಡು ಹದಿನೈದು ಸೆಕೆಂಡಿಗೆ ಬರುತ್ತದೆ. ವೈಫೈ ಇಲ್ಲದ ಮಾದರಿ ತಗೊಂಡಿದ್ದಕ್ಕೆ ಬೇಜಾರಿಲ್ಲ, ನಡುಮನೆಯ ರೌಟರಿಂದ ಕೇಬಲ್ ಎಳೆದಿದ್ದೇನೆ. ಬೋರ್ಡಿನ ಪೋರ್ಟ್ 2.5 ಗಿಗಾಬಿಟ್, ರೌಟರ್ ಒಂದೇ ಗಿಗಾಬಿಟ್. ಆಟಕ್ಕೆ ಅದು ಬೇಕಾದಷ್ಟಾಯಿತು.

ಕಬ್ಬು ಅರೆಯುವ ತಿಂಗಳುಗಳಲ್ಲಿ ಇನ್ನೊಂದು ಪಾಠ ಸಿಕ್ಕಿತು. ನಮ್ಮ ಬಡಾವಣೆಯಾಚೆ ಆಲೆಮನೆಗಳಿವೆ. ಕಬ್ಬಿನ ಸಿಪ್ಪೆ ಉರಿಸಿದ ಮಸಿ ಗಾಳಿಯಲ್ಲಿ ತೇಲಿ ಬಂದು ಒಣಗಲು ಹಾಕಿದ ಬಟ್ಟೆ ಮೇಲೆ ಕೂರುತ್ತದೆ, ಕಂಪ್ಯೂಟರಿನ ಫಿಲ್ಟರ್ ಮೇಲೂ ಕೂರುತ್ತದೆ. ವಿಆರ್‌ಎಂ ಮೊದಲಿಗಿಂತ ಆರು ಡಿಗ್ರಿ ಏರಿದ್ದು ನೋಡಿ ಫಿಲ್ಟರ್ ಎಳೆದರೆ ಕಪ್ಪು ಕಂಬಳಿಯ ಹಾಗೆ ಒಂದು ಪದರ. ತೊಳೆದು ಒಣಗಿಸಿ ಹಾಕಿದ ಮೇಲೆ ಮತ್ತೆ ಹಳೇ ಅಂಕಿಗೆ ಬಂತು. ಈಗ ಹದಿನೈದು ದಿನಕ್ಕೊಮ್ಮೆ ಭಾನುವಾರ ಫಿಲ್ಟರ್ ತೊಳೆಯುತ್ತೇನೆ. ಅದೇ ಬಕೆಟ್ಟಿನಲ್ಲಿ ಗುಂಡಿಗೂ ನೀರು.

ಅಕ್ಕನ ಮಗ ಈಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಸರಸ್ವತಿಪುರಂನಲ್ಲಿ ಇಬ್ಬರು ಸ್ನೇಹಿತರ ಜೊತೆ ರೂಮು. ಅವನಿಗೂ ಒಂದು ಚಿಕ್ಕ ಗೇಮಿಂಗ್ ಕಂಪ್ಯೂಟರ್ ಬೇಕಂತೆ. ಹೋದ ಸಲ ಬಂದಾಗ ನನ್ನ ಸೀರೆ ಡಬ್ಬಿಯ ರಟ್ಟಿನ ಚೌಕವನ್ನು ತಗೊಂಡು ಹೋದ. ಯಾವ ಬೋರ್ಡ್ ಅಂತ ಇನ್ನೂ ತೀರ್ಮಾನವಾಗಿಲ್ಲ. ಮೊನ್ನೆ ಮನೆ ಮಾಲೀಕರ ಎಲೆಕ್ಟ್ರಿಷಿಯನ್ ಬಂದಿದ್ದಾಗ ಪಕ್ಕದಲ್ಲಿ ನಿಂತು ಸಾಕೆಟ್ ಪರೀಕ್ಷೆ ಮಾಡಿಸಿ, ಮೀಟರಿನ ಫೋಟೋ ಕಳಿಸಿದ್ದಾನೆ. ಫೇಸಿಂದ ಅರ್ತಿಗೆ 229.